ಗುಜರಿಗೆ ಹಾಕುವ ಮುನ್ನ

ಇಂಗ್ಲೆಂಡಿನಲ್ಲಿ 1086ರಲ್ಲಿ ದೊರೆ ಒಂದನೇ ವಿಲಿಯಂ ಮಾಡಿಸಿದ ಭೂಮಿ-ಆಸ್ತಿಗಳ ದಾಖಲೆ ‘ಡೂಮ್ಸ್‌ಡೇ ಬುಕ್’. ಅದನ್ನು ಇಂದಿಗೂ ಪುಟ ತೆರೆದು ಓದಬಹುದು. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಅದೇ ಹೆಸರಿನಲ್ಲಿ ದೇಶದ ಊರೂರಿನ ಚಿತ್ರ, ನಕ್ಷೆ, ಶಾಲಾ ಮಕ್ಕಳ ಬರಹಗಳನ್ನು ಲೇಸರ್ ಡಿಸ್ಕ್‌ಗೆ ತುಂಬಿಸಿತು. ಹದಿನೈದೇ ವರ್ಷಗಳಲ್ಲಿ ಅದನ್ನು ನೋಡುವುದು ದುಸ್ತರವಾಯಿತು. ಅದಕ್ಕೆ ಬೇಕಾದ ಬಿಬಿಸಿ ಮಾಸ್ಟರ್ ಕಂಪ್ಯೂಟರ್ ಮತ್ತು ಫಿಲಿಪ್ಸ್ ಪ್ಲೇಯರ್ ಎರಡೂ ಸುಸ್ಥಿತಿಯಲ್ಲಿ ಸಿಗುವುದೇ ಅಪರೂಪವಾಗಿತ್ತು. ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿ ಓಡುವಂತೆ ಇಡುವುದೂ ದಾಖಲೆ ರಕ್ಷಣೆಯ ಕೆಲಸವೇ ಎಂದು ನಾನು ಹೇಳುವುದು ಇದರಿಂದಲೇ.

ಹಳೆಯ ಯಂತ್ರದಂತೆ ವರ್ತಿಸುವ ಎಮ್ಯುಲೇಟರ್ ತಂತ್ರಾಂಶ ಇರುವಾಗ ಈ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಡೂಮ್ಸ್‌ಡೇ ಡಿಸ್ಕನ್ನು ಹೀಗೆಯೇ ಹೊಸ ಕಂಪ್ಯೂಟರಿನಲ್ಲಿ ತೋರಿಸಿದರು. ಆದರೆ ಡಿಸ್ಕಿನಲ್ಲಿದ್ದದ್ದನ್ನು ಹೊರತೆಗೆಯಲು ಹಳೆಯ ಪ್ಲೇಯರ್ ಓಡಲೇಬೇಕಿತ್ತು. ಎಮ್ಯುಲೇಟರ್ ಸರಿಯಾಗಿ ನಡೆದುಕೊಳ್ಳುತ್ತಿದೆಯೇ ಎಂದು ತಾಳೆ ನೋಡಲೂ ಮೂಲ ಯಂತ್ರವೇ ಬೇಕು.

ರಿಪೇರಿ ಎಂದರೆ ಏನೆಂದು ತಿಳಿಯಲು 1981ರ ಬಿಬಿಸಿ ಮೈಕ್ರೋ ಒಳ್ಳೆಯ ಉದಾಹರಣೆ. ಅದರ ‘ಬಿ’ ಮಾದರಿಯಲ್ಲಿದ್ದ ಮೆಮೊರಿ 32 ಕಿಲೋಬೈಟ್. ಅದರಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಪವರ್ ಸಪ್ಲೈಯೊಳಗಿನ ರಿಫಾ ಕೆಪಾಸಿಟರ್. ಲೋಹ ಲೇಪಿಸಿದ ಕಾಗದದ ಸುತ್ತ ಎಪಾಕ್ಸಿ ಕವಚವಿರುವ ಸಣ್ಣ ಬಿಡಿಭಾಗ ಅದು. ವರ್ಷ ಕಳೆದಂತೆ ಕವಚದಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಕಾಗದ ತೇವ ಹೀರುತ್ತದೆ. ಸ್ವಿಚ್ ಹಾಕಿದ ಕೆಲವೇ ನಿಮಿಷಗಳಲ್ಲಿ ದಟ್ಟ ಹೊಗೆ, ಗಬ್ಬು ವಾಸನೆ. ನೋಡಿದವರು ಕಂಪ್ಯೂಟರೇ ಸುಟ್ಟುಹೋಯಿತೆಂದು ಗುಜರಿಗೆ ಹಾಕುತ್ತಾರೆ. ಎಷ್ಟೋ ಸಲ ಬೋರ್ಡಿಗೆ ಏನೂ ಆಗಿರುವುದಿಲ್ಲ. ಬೆಸುಗೆ ಬಿಡಿಸಿ ಅಗ್ಗದ ಹೊಸ ಕೆಪಾಸಿಟರ್ ಕೂರಿಸಿದರೆ ಸಾಕು.

ಭಾಗ ಬದಲಿಸಿದ ಮೇಲೆ ಅದು ಮೂಲ ಯಂತ್ರವಾಗಿ ಉಳಿಯುತ್ತದೆಯೇ ಎಂಬುದು ಇನ್ನೊಂದು ಆಕ್ಷೇಪ. ಹೆಂಚು ಬದಲಿಸಿದ ಮಾತ್ರಕ್ಕೆ ಅಜ್ಜನ ಮನೆ ಬೇರೆ ಮನೆಯಾಗುವುದಿಲ್ಲ. ತೆಗೆದ ಭಾಗವನ್ನು ತಾರೀಖು ಬರೆದ ಚೀಟಿಯೊಂದಿಗೆ ಜೋಪಾನವಾಗಿಟ್ಟರೆ ಮುಂದಿನವರಿಗೆ ಎಲ್ಲವೂ ಸ್ಪಷ್ಟ.

1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ಭಾರತದ ಶಾಲೆಗಳಿಗೂ ಬಂದದ್ದು ಇದೇ ಬಿಬಿಸಿ ಮೈಕ್ರೋ. ನಿಮ್ಮ ಶಾಲೆಯ ಉಗ್ರಾಣದಲ್ಲಿ ಅಂಥದ್ದು ಉಳಿದಿದ್ದರೆ ದಯವಿಟ್ಟು ಹರಾಜಿಗೆ ಕಳಿಸಬೇಡಿ, ಕುತೂಹಲಕ್ಕೆ ಸ್ವಿಚ್ ಹಾಕಲೂ ಹೋಗಬೇಡಿ. ಮೊದಲು ಬಲ್ಲವರೊಬ್ಬರಿಂದ ಪವರ್ ಸಪ್ಲೈ ಪರೀಕ್ಷೆ ಮಾಡಿಸಿ. ಜತೆಗಿರುವ ಫ್ಲಾಪಿ, ಕ್ಯಾಸೆಟ್‌ಗಳನ್ನೂ ಎತ್ತಿಡಿ.