ಪೂಮಲೆಯ ನಾಯಕರು ಅರಿತ ಮನಸ್ಸು

ಜನರ ಅಳಲನ್ನು ಅರಿಯುವ ನಾಯಕನ ಗುಣವನ್ನು ಇಂದಿನ ಮನಃಶಾಸ್ತ್ರಜ್ಞರು ಭಾವನಾತ್ಮಕ ಬುದ್ಧಿಮತ್ತೆಯೆಂದು ಕರೆಯುತ್ತಾರೆ. ಹೆಸರು ಹೊಸದು, ಸಂಗತಿ ಹಳೆಯದು. ಪುತ್ತೂರು, ಸುಳ್ಯ, ಕಡಬ ಸೀಮೆಯ 1837ರ ದಂಗೆಯ ವೃತ್ತಾಂತವನ್ನು ಬಲ್ಲ ವಾಚಕರಿಗೆ ಇದು ವಿದಿತವೇ ಆಗಿದೆ.

1834ರಲ್ಲಿ ಹಾಲೇರಿಯ ಅರಸು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿ ಸರಕಾರವು, ಕೊಡಗಿಗೆ ಸೇರಿದ್ದ ಅಮರಸುಳ್ಯ ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಕೂಡಿಸಿತು. ಅರಸರ ಕಾಲದಲ್ಲಿ ಬೆಳೆದುದನ್ನೇ ಅಳೆದುಕೊಟ್ಟು ಕಂದಾಯ ತೀರಿಸುತ್ತಿದ್ದ ಒಕ್ಕಲಿಗನು ಈಗ ನಗದು ತರಬೇಕಾಯಿತು. ಗದ್ದೆಯಲ್ಲಿ ನಾಣ್ಯ ಬೆಳೆಯುವುದುಂಟೆ? ಕಂಪನಿಯವರ ಲೆಕ್ಕ ತಪ್ಪಿರಲಿಕ್ಕಿಲ್ಲ. ಒಕ್ಕಲಿಗನ ಮುಖವನ್ನು ಮಾತ್ರ ಅವರು ನೋಡಲಿಲ್ಲ.

ಕೆದಂಬಾಡಿ ರಾಮಯ್ಯಗೌಡರು ನೋಡಿದರು. ಹಾಲೇರಿ ಅರಸರು ವೀರಶೈವರು. ಆ ಮನೆತನದ ಮೇಲೆ ಜನರ ಮಮತೆ ಇನ್ನೂ ಆರಿರಲಿಲ್ಲ. ಇದನ್ನು ಬಲ್ಲ ಗೌಡರೂ ಸಂಗಡಿಗರೂ ಪುಟ್ಟಬಸಪ್ಪನೆಂಬವನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ಹುಸಿ ಹೆಸರಿನಿಂದ ಜನರನ್ನು ಕೂಡಿಸಿದ್ದು ಸರಿಯೆ? ಹುಸಿಯನ್ನು ಹಳಿದ ಶರಣರ ನೆರಳಿನಲ್ಲಿ ಬೆಳೆದ ನನಗೆ ಈ ಭಾಗ ಇಂದಿಗೂ ಮುಜುಗರ ತರುತ್ತದೆ. ಮನಸ್ಸನ್ನರಿಯುವ ಶಕ್ತಿಯೇ ಮರುಳುಗೊಳಿಸುವ ಶಕ್ತಿಯೂ ಆಗಬಲ್ಲದು. ಆದರೆ ಕಂದಾಯದ ನೋವು ಹುಸಿಯಾಗಿರಲಿಲ್ಲ.

ಪೂಮಲೆಯಿಂದ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಸುಮಾರು ಎರಡು ವಾರ ಪಟ್ಟಣ ಅವರ ಕೈಯಲ್ಲಿತ್ತು. ಬಳಿಕ ಕಣ್ಣೂರಿನ ಕಡೆಯಿಂದ ಕಂಪನಿಯ ಸೈನ್ಯ ಬಂದಿತು. ಇನ್ನೊಬ್ಬನ ಹೆಸರು ಹೊತ್ತಿದ್ದ ಪುಟ್ಟಬಸಪ್ಪನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿದನು.