ಸಿಲಿಂಡರ್ ತಂದವರಿಗೆ ಭಕ್ಷೀಸು ಕೊಡಲೇಬೇಕೆ?

ಅಡುಗೆ ಅನಿಲದ ಸಿಲಿಂಡರ್ ಮನೆಗೆ ಬಂದಾಗ ರಸೀದಿಯ ಮೊತ್ತದ ಮೇಲೆ ಇಪ್ಪತ್ತೋ ಐವತ್ತೋ ರೂಪಾಯಿ ತೆರುವುದು ನಗರಗಳಲ್ಲಿ ರೂಢಿಯಾಗಿಬಿಟ್ಟಿದೆ. ವಾಸ್ತವದಲ್ಲಿ ಮನೆಗೆ ತಲುಪಿಸುವ ವೆಚ್ಚ ಸಿಲಿಂಡರಿನ ದರದಲ್ಲಿಯೇ ಅಡಕವಾಗಿದೆ. ಗೋದಾಮಿನಿಂದ ತಾವೇ ಒಯ್ಯುವ ಗ್ರಾಹಕರಿಗೆ ದರದಲ್ಲಿ ನಿಗದಿತ ಮೊತ್ತವನ್ನು ಕಡಿತಗೊಳಿಸಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ಮನೆಯ ಬಾಗಿಲಲ್ಲಿ ತೂಕ ಮಾಡಿ ತೋರಿಸುವುದು, ಸೋರಿಕೆ ಪರೀಕ್ಷಿಸುವುದು ಸಹ ಸೇವೆಯ ಭಾಗವೇ ಹೊರತು ಉಪಕಾರವಲ್ಲ.

ಹಾಗೆಂದು ಸಿಲಿಂಡರ್ ತರುವ ಹುಡುಗನನ್ನೇ ಹಳಿಯುವುದು ಸಲ್ಲದು. ಅನಿಲವೇ 14.2 ಕೆ.ಜಿ.; ಉಕ್ಕಿನ ಸಿಲಿಂಡರಿನ ತೂಕ ಸೇರಿದರೆ ಸುಮಾರು 30 ಕೆ.ಜಿ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಅದನ್ನು ಹೆಗಲ ಮೇಲೆ ಹೊತ್ತೊಯ್ಯುವವನಿಗೆ ಸಂಬಳ ಸಾಲದಿದ್ದರೆ ಆ ಕೊರತೆ ನೀಗಬೇಕಾದುದು ಏಜೆನ್ಸಿಯ ಹೊಣೆ. ಭಕ್ಷೀಸನ್ನು ನಂಬಿ ಸಂಬಳವನ್ನು ಕೆಳಮಟ್ಟದಲ್ಲಿಟ್ಟರೆ ಗ್ರಾಹಕರು ಒಂದೇ ಕೆಲಸಕ್ಕೆ ಎರಡು ಬಾರಿ ಹಣ ತೆತ್ತಂತಾಗುತ್ತದೆ.

ಶ್ರಮ ಕಂಡು ಮನಸಾರೆ ಕೊಡುವುದಕ್ಕೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆಯೂ ಆದೀತು. ಆದರೆ ಮುಂದಿನ ಸಿಲಿಂಡರ್ ತಡವಾದೀತೆಂಬ ಅಂಜಿಕೆಯಿಂದ ಕೊಡುವ ಹಣ ಭಕ್ಷೀಸಲ್ಲ, ವಸೂಲಿ. ಒತ್ತಾಯ ಮಾಡಿದಲ್ಲಿ ರಸೀದಿಯನ್ನು ಇಟ್ಟುಕೊಂಡು ಏಜೆನ್ಸಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದರೆ 1800 2333 555 ಉಚಿತ ಸಹಾಯವಾಣಿಗೆ ದೂರು ನೀಡಬಹುದು.