ಭಾನುವಾರದ ಪೈಲಟ್‌ಗಳ ಕೈಗೆ ಜೆಟ್ ವಿಮಾನ

ವಾರವಿಡೀ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಶನಿವಾರ ಭಾನುವಾರ ಯುದ್ಧವಿಮಾನ ಹಾರಿಸುವವರಿದ್ದರು ಎಂದರೆ ನಂಬುವಿರಾ? ಬ್ರಿಟನ್ನಿನ ರಾಯಲ್ ಆಕ್ಸಿಲಿಯರಿ ಏರ್ ಫೋರ್ಸ್ ಅಂಥ ಮೀಸಲು ಪಡೆ. ಎರಡನೆಯ ಮಹಾಯುದ್ಧದ ಅನಂತರ 1946ರಲ್ಲಿ ಅದರ ದಳಗಳು ಮತ್ತೆ ರೂಪುಗೊಂಡಾಗ ಹಲವರ ಪಾಲಿಗೆ ಬಂದದ್ದು ಸ್ಪಿಟ್‌ಫೈರ್. 1948ರಲ್ಲಿ 605ನೆಯ ದಳಕ್ಕೆ ವ್ಯಾಂಪೈರ್, 500ನೆಯ ದಳಕ್ಕೆ ಮೀಟಿಯರ್ ಜೆಟ್‌ಗಳು ದೊರೆತವು. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದ ದಳಗಳೂ ಬದಲಾದವು.

ಜೆಟ್ ಎಂದೊಡನೆ ಕಷ್ಟ ಎಂದುಕೊಳ್ಳುತ್ತೇವೆ. ನೆಲದ ಮೇಲೆ ಅದು ಸುಲಭವೇ! ಬಾಲದ ಚಕ್ರದ ಮೇಲೆ ಕೂರುವ ಸ್ಪಿಟ್‌ಫೈರ್‌ನ ಎತ್ತಿದ ಮೂತಿ ರನ್‌ವೇಯನ್ನೇ ಮರೆಮಾಡುತ್ತಿತ್ತು. ತಿರುಗುವ ಪ್ರೊಪೆಲ್ಲರ್ ವಿಮಾನವನ್ನು ಒಂದು ಬದಿಗೆ ಎಳೆಯುತ್ತಿತ್ತು. ಮರ್ಲಿನ್ ಎಂಜಿನ್‌ಗೆ ಪಳಗಿದವರು ಗ್ರಿಫನ್ ಎಂಜಿನ್ನಿನ ಸ್ಪಿಟ್‌ಫೈರ್ ಏರಿದರೆ ಎಳೆತ ವಿರುದ್ಧ ಬದಿಗೆ! ಮುಂಚಕ್ರವುಳ್ಳ ಜೆಟ್‌ನಲ್ಲಿ ಈ ತೊಡಕುಗಳಿಲ್ಲ.

ತೊಡಕು ಬೇರೆಡೆ ಇತ್ತು. ಭಾರವಾದ ಬೀಸುಕಲ್ಲು ವೇಗ ಪಡೆಯಲು ಹೊತ್ತು ಬೇಕಲ್ಲವೆ? ಅಂದಿನ ಜೆಟ್ ಎಂಜಿನ್ನಿನ ಸಂಪೀಡಕವೂ ಹಾಗೆಯೇ. ಥ್ರಾಟಲ್ ತಳ್ಳಿದ ಕೂಡಲೆ ನೂಕುಬಲ ದೊರೆಯದು. ಅವಸರದಿಂದ ಇಂಧನ ಸುರಿದರೆ ಟರ್ಬೈನ್ ಮಿತಿಮೀರಿ ಕಾಯುತ್ತದೆ, ಇಲ್ಲವೆ ಜ್ವಾಲೆಯೇ ಆರುತ್ತದೆ. ಆದ್ದರಿಂದ, ಇಳಿಯದೆ ಮತ್ತೆ ಮೇಲೇರಬೇಕೆಂದರೆ ಪೈಲಟ್ ಆ ನಿರ್ಧಾರವನ್ನು ಹಲವು ಸೆಕೆಂಡು ಮೊದಲೇ ಮಾಡಬೇಕು. ಪ್ರೊಪೆಲ್ಲರ್ ಒದಗಿಸುತ್ತಿದ್ದ ತಡೆಯೂ ಇಲ್ಲದೆ ವಿಮಾನ ಬೇಗ ನಿಧಾನವಾಗದು. ಕೆಳ ಎತ್ತರದಲ್ಲಿ ಇಂಧನದ ಖರ್ಚು ವಿಪರೀತ. ಮಂಜಿನಲ್ಲಿ ದಾರಿ ಹುಡುಕುತ್ತ ಸುತ್ತುವಂತಿಲ್ಲ.

ಮೀಟಿಯರ್‌ನ ಅಪಾಯ ಇನ್ನೂ ದೊಡ್ಡದು. ಅದರ ಎರಡು ಎಂಜಿನ್‌ಗಳು ರೆಕ್ಕೆಗಳಲ್ಲಿ, ದೇಹದಿಂದ ದೂರದಲ್ಲಿದ್ದವು. ಒಂದು ನಿಂತರೆ ಇನ್ನೊಂದರ ಬಲ ವಿಮಾನವನ್ನು ಗಿರಕಿ ಹೊಡೆಸುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಭ್ರಾಮಕ ಎಂದು ನೀವು ಓದಿರುವುದು ಇಲ್ಲಿ ಜೀವನ್ಮರಣದ ಲೆಕ್ಕ. ಎದುರುತ್ತರ ಕೊಡಬೇಕಾದ ಬಾಲದ ಚುಕ್ಕಾಣಿಗೆ ಬಲ ಬರುವುದು ವೇಗದಿಂದ. ವೇಗ ಒಂದು ಮಿತಿಗಿಂತ ಇಳಿದರೆ ಎಷ್ಟು ಒದ್ದರೂ ಅದು ಸೋಲುತ್ತದೆ. ಬ್ರಿಟಿಷ್ ವಾಯುಪಡೆಯಲ್ಲಿ ಒಂದೇ ಎಂಜಿನ್‌ನಲ್ಲಿ ಹಾರುವ ಅಭ್ಯಾಸವೇ ಹಲವು ಪೈಲಟ್‌ಗಳ ಜೀವ ತೆಗೆಯಿತು.

ವ್ಯಾಂಪೈರ್‌ಗೆ ಈ ಚಿಂತೆಯಿಲ್ಲ. ಒಂದೇ ಎಂಜಿನ್, ಅದೂ ನಡುವೆ. ಬಿಸಿ ಅನಿಲದ ಕೊಳವೆ ಗಿಡ್ಡವಾಗಿರಲೆಂದೇ ಬಾಲವನ್ನು ಎರಡು ತೋಳುಗಳ ಮೇಲೆ ಹೊರಿಸಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪರವಾನಗಿ ಪಡೆದು ನಮ್ಮ ವಾಯುಪಡೆಗೆ ತಯಾರಿಸಿದ್ದೂ ಈ ವಿಮಾನವನ್ನೇ.

ಅಷ್ಟರಲ್ಲಿ ಹಿಂಬಾಗಿದ ರೆಕ್ಕೆಯ, ಇನ್ನೂ ವೇಗದ ಜೆಟ್‌ಗಳು ಬಂದವು. ಬಿಡುವಿನ ವೇಳೆಯ ಅಭ್ಯಾಸ ಅವಕ್ಕೆ ಸಾಲದು, ವೆಚ್ಚವೂ ಹೆಚ್ಚು ಎಂದು ಸರಕಾರ ತೀರ್ಮಾನಿಸಿತು. 1957ರ ಮಾರ್ಚ್ 10ರಂದು ಮೀಸಲು ಪಡೆಯ ಹಾರಾಟದ ದಳಗಳೆಲ್ಲ ವಿಸರ್ಜನೆಯಾದವು.